ಅರ್ಜಿ ಬರೆದವರೇ ಓದಬೇಕು

ಹೋದ ವಾರ ಒಬ್ಬ ತರುಣ ಪಾದ್ರಿ ನಮ್ಮ ಮನೆಗೆ ಬಂದಿದ್ದರು. ಅಭಿಷೇಕವಾಗಿ ಇನ್ನೂ ವರ್ಷ ತುಂಬಿಲ್ಲ. ಬರುವ ತಿಂಗಳು ನಮ್ಮ ಸಭೆಗಳ ವಾರ್ಷಿಕ ಮಹಾಸಭೆಗೆ ಮೊದಲ ಸಲ ಹೊರಟಿದ್ದಾರೆ. ಚಹಾ ಕುಡಿದು, ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು, "ಹಿರ್ಯಾರು ಹೇಳ್ರಿ, ಹೋಗೂಕಿಂತ ಮೊದಲ ಏನೇನ ತಯಾರಿ ಮಾಡ್ಕೋಬೇಕು?" ಎಂದು ಕೇಳಿದರು.

"ಒಂದು ಬಕೆಟ್ಟು ಒಯ್ಯಿರಿ" ಎಂದೆ.

ಅವರು ನಕ್ಕರು. ನಾನು ನಗಲಿಲ್ಲ. ಬಕೆಟ್ಟು, ತಂಬಿಗೆ, ಒಂದು ಬೀಗ, ಬಟ್ಟೆ ಒಣಹಾಕಲು ಹಗ್ಗ, ಊಟಕ್ಕೊಂದು ತಾಟು. ಬೈಬಲು ಮರೆತರೆ ಪಕ್ಕದವರದು ಸಿಗುತ್ತದೆ, ತಾಟು ಮರೆತರೆ ಸಿಗುವುದಿಲ್ಲ. ಅವರು ನೋಟ್‌ಬುಕ್ಕಿನಲ್ಲಿ ಒಂದಕ್ಷರವನ್ನೂ ಬರೆಯದೆ, ಮುದುಕನಿಗೆ ಅರಳು ಮರಳು ಎಂಬ ಮುಖ ಮಾಡಿಕೊಂಡು ಹೊರಟುಹೋದರು. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ಮೂವತ್ತು ವರ್ಷಕ್ಕೂ ಮೇಲೆ ಪಾದ್ರಿಕೆ ಮಾಡಿ ಇದೇ ಬನಹಟ್ಟಿಯಲ್ಲಿ ನಿವೃತ್ತನಾದವನು ನಾನು. ಉಪದೇಶ ಮಾಡುವುದನ್ನು ಸೆಮಿನರಿಯಲ್ಲಿ ಕಲಿಸುತ್ತಾರೆ. ಮಹಾಸಭೆಯಲ್ಲಿ ಎಂಟು ದಿನ ಬದುಕಿ ಬರುವುದನ್ನು ಯಾರೂ ಕಲಿಸುವುದಿಲ್ಲ.

ತಿಳಿಯದವರಿಗಾಗಿ ಹೇಳುತ್ತೇನೆ. ಎಲ್ಲ ಜಿಲ್ಲೆಗಳ ಪಾದ್ರಿಗಳು, ಪ್ರತಿ ಊರಿನ ಸಭೆಯಿಂದ, ಅಂದರೆ ಅಲ್ಲಿಯ ಕ್ರೈಸ್ತ ಮಂದಿಯಿಂದ, ಒಬ್ಬ ಹಿರಿಯರು, ಹೀಗೆ ನೂರಾರು ಜನ ಒಂದೆಡೆ ಸೇರುತ್ತೇವೆ. ಏಳು ದಿನ ವರದಿ, ಚರ್ಚೆ, ಅರ್ಜಿ, ಪ್ರಾರ್ಥನೆ. ಎಂಟನೆಯ ದಿನ ಮಧ್ಯಾಹ್ನ ಬಿಷಪ್ಪರು ಎದ್ದು ನೇಮಕದ ಪಟ್ಟಿ ಓದುತ್ತಾರೆ. ಯಾವ ಊರಿಗೆ ಯಾವ ಪಾದ್ರಿ ಎಂಬುದು ಆಗಲೇ ಗೊತ್ತಾಗಬೇಕು, ಅದಕ್ಕೆ ಮೊದಲು ಯಾರಿಗೂ ತಿಳಿಸುವುದಿಲ್ಲ. ಊರಿನ ಹೆಸರು ಮೊದಲು ಬರುತ್ತದೆ, ಆಮೇಲೆ ಮನುಷ್ಯನದು. ಮನುಷ್ಯ ಸಿಗದ ಊರಿನ ಮುಂದೆ "ನೇಮಕವಾಗಬೇಕಾಗಿದೆ" ಎಂದು ಓದುತ್ತಾರೆ. ಕೇಳಲು ಬಹಳ ಮರ್ಯಾದೆಯ ಮಾತು. ಅರ್ಥ ಇಷ್ಟೇ: ಈ ವರ್ಷವೂ ನಿಮಗೆ ಯಾರೂ ಇಲ್ಲ, ಮುಚ್ಚಿಕೊಂಡು ಕೂತಿರಿ.

ಇನ್ನು ಬಕೆಟ್ಟಿನ ಮಾತು. ಸ್ನಾನದ ಸರದಿಯಲ್ಲಿ ಮನುಷ್ಯರು ನಿಲ್ಲುವುದಿಲ್ಲ, ಬಕೆಟ್ಟುಗಳು ನಿಲ್ಲುತ್ತವೆ. ನನ್ನ ಮೊದಲ ಮಹಾಸಭೆಯಲ್ಲಿ ನನಗೆ ಇದು ಗೊತ್ತಿರಲಿಲ್ಲ. ನಳದ ಮುಂದೆ ಯಾರದೋ ಹಿತ್ತಾಳೆಯ ಬಕೆಟ್ಟು ಸುಮ್ಮನೆ ಕೂತಿತ್ತು, ಕಾಲಿನಿಂದ ಪಕ್ಕಕ್ಕೆ ಸರಿಸಿ ನನ್ನದನ್ನು ಇಟ್ಟೆ. ಅದು ಜಿಲ್ಲಾ ಮೇಲ್ವಿಚಾರಕರದಾಗಿತ್ತು. ಅವರು ಹೆಗಲ ಮೇಲೆ ಟವೆಲ್ಲು ಹೊದ್ದು ಹಿಂದೆಯೇ ನಿಂತಿದ್ದರು. ಬೈಯಲಿಲ್ಲ. "ಕೈ ಹೆಂಗೈತಿ ನಿಂದು? ಅಕ್ಷರ ದುಂಡಗೆ ಬರ್ತಾವೇನು?" ಎಂದು ಮಾತ್ರ ಕೇಳಿದರು. ಬರುತ್ತವೆ ಎಂದೆ, ಹೆಮ್ಮೆಯಿಂದಲೇ. ಅವತ್ತಿನಿಂದ ಎಂಟು ದಿನದ ನಡವಳಿಯನ್ನೆಲ್ಲ ನನ್ನ ಕೈಲಿ ಬರೆಸಿದರು. ಮರುವರ್ಷವೂ ಬರೆಸಿದರು. ಕಾಲಿನಿಂದ ಮಾಡಿದ ತಪ್ಪಿಗೆ ಕೈ ದಂಡ ಕಟ್ಟಿತು. ಅದಾದ ಮೇಲೆ ಮಹಾಸಭೆಯಲ್ಲಿ ಯಾರಿಗೆ ಏನು ಬರೆಸಬೇಕಿದ್ದರೂ ಮೊದಲು ನನ್ನ ಹೆಸರೇ ಬರತೊಡಗಿತು.

ನಾನು ಹೇಳಬೇಕೆಂದಿರುವುದು ಜಮಖಂಡಿಯಲ್ಲಿ ನಡೆದ ಮಹಾಸಭೆಯ ಸುದ್ದಿ. ಹನ್ನೆರಡು ಹದಿಮೂರು ವರ್ಷದ ಹಿಂದಿನದು. ಆಗ ನಾನು ಬನಹಟ್ಟಿಯ ಪಾದ್ರಿ. ನನ್ನ ಹೆಂಡತಿ ಸುಶೀಲಾ ಇಲ್ಲಿಯ ಒಂದು ಶಾಲೆಯಲ್ಲಿ ಟೀಚರು. ಅದಕ್ಕೆ ಮೊದಲು ಐದು ಊರು ತಿರುಗಿಸಿದ್ದೆ ಅವಳನ್ನು. ಐದು ಸಲ ನೌಕರಿ ಬಿಟ್ಟಿದ್ದಳು. ಇಲ್ಲಿ ಕಾಯಂ ಆಗಿತ್ತು. ನಾನು ಜಮಖಂಡಿಯ ಬಸ್ಸು ಹತ್ತುವಾಗ ಚೀಲ ಕೈಗೆ ಕೊಟ್ಟು, "ರೀ, ಮತ್ತೊಂದ ಊರ ಹೊತಗೊಂಡು ಬರಬ್ಯಾಡ್ರಿ. ಬಂದ್ರ ನೀವ ಒಬ್ರಽ ಹೋಗ್ರಿ" ಎಂದಳು. ಆಗಿನ ಜಿಲ್ಲಾ ಮೇಲ್ವಿಚಾರಕರನ್ನು ಮೊದಲೇ ಕಂಡು ಕೇಳಿಕೊಂಡಿದ್ದೆ. "ಇರು ಇರು, ನಿನ್ನ ಯಾರು ಎಬ್ಬಸ್ತಾರ" ಎಂದಿದ್ದರು. ನನಗೆ ಬೇಕಾದದ್ದು ಇಷ್ಟೇ: ಎಂಟು ದಿನ ಬಾಯಿ ಮುಚ್ಚಿಕೊಂಡಿದ್ದು, ಯಾರ ಕಣ್ಣಿಗೂ ಬೀಳದೆ, ಬನಹಟ್ಟಿಯ ಪಾದ್ರಿಯಾಗಿಯೇ ಹೊರಟು ಬರುವುದು.

ಜಮಖಂಡಿಯ ಒಂದು ಶಾಲೆಯ ಮೈದಾನದಲ್ಲಿ ಮಂಟಪ ಹಾಕಿದ್ದರು. ಶಾಲೆಯ ಕೋಣೆಗಳಲ್ಲಿ ನಮ್ಮ ಬಿಡಾರ. ಬೆಂಚುಗಳನ್ನು ಗೋಡೆಗೆ ಪೇರಿಸಿ, ನೆಲದ ಮೇಲೆ ಜಮಖಾನೆ ಹಾಸಿದ್ದರು. ಕರಿಹಲಗೆಯ ಮೇಲೆ ಯಾವುದೋ ಮಾಸ್ತರರು ಬಿಟ್ಟುಹೋದ ಭಿನ್ನರಾಶಿಯ ಲೆಕ್ಕ ಹಾಗೇ ಇತ್ತು. ನನ್ನ ಪಕ್ಕದ ಹಾಸಿಗೆ ಮುಧೋಳದ ಪಾದ್ರಿ ಯೋಬಣ್ಣನದು. ಸೆಮಿನರಿಯಲ್ಲಿ ಒಟ್ಟಿಗೆ ಓದಿದವರು ನಾವು. ಅವನು ತನ್ನೂರಿನ ನಾಯಿಯ ಹಾಗೆಯೇ ಸಪೂರ, ಊಟದ ಗಂಟೆ ಬಿದ್ದರೆ ಓಟವೂ ಹಾಗೆಯೇ.

ಮೊದಲ ದಿನ ಯಾವುದೂ ಸರಿಬರುವುದಿಲ್ಲ. ಬೇವಿನ ಮರಕ್ಕೆ ತೂಗುಹಾಕಿದ್ದ ರೈಲು ಹಳಿಯ ತುಂಡನ್ನು ಐದು ಗಂಟೆಗೆ ಬಾರಿಸಿದರು. ನನಗೆ ಅದಕ್ಕೆ ಮೊದಲೇ ಎಚ್ಚರವಾಗಿತ್ತು. ಬನಹಟ್ಟಿಯವನಿಗೆ ಮಗ್ಗದ ಸದ್ದಿಲ್ಲದಿದ್ದರೆ ನಿದ್ದೆಯೂ ಇಲ್ಲ. ಟ್ಯಾಂಕಿನ ನೀರು ಆರಕ್ಕೆ ಮುಗಿಯಿತು. ನಾಷ್ಟಾಕ್ಕೆ ಉಪ್ಪಿಟ್ಟು. ಮಂಟಪದಲ್ಲಿ ಕೂತ ಕಡೆ ಫ್ಯಾನಿಲ್ಲ. ಒಬ್ಬ ಹಿರಿಯರು ಹೋದ ವರ್ಷದ ನಡವಳಿಯ ಮೇಲೆ ತಕರಾರು ತೆಗೆದು ಮುಕ್ಕಾಲು ತಾಸು ಮಾತಾಡಿದರು. ನಡವಳಿ ಬರೆದವನು ನಾನೇ. ಎರಡನೆಯ ದಿನವೂ ಉಪ್ಪಿಟ್ಟು. ಅದೇ ಹಿರಿಯರು, ಅದೇ ತಕರಾರು.

ಮೂರನೆಯ ದಿನಕ್ಕೆ ಮನುಷ್ಯ ಒಗ್ಗಿಬಿಡುತ್ತಾನೆ. ಯಾವ ನಳದಲ್ಲಿ ನೀರು ಜೋರು, ಯಾವ ಕುರ್ಚಿಗೆ ಗಾಳಿ ಬರುತ್ತದೆ, ಯಾರ ವರದಿಗೆ ಕಣ್ಣು ಮುಚ್ಚಿದರೆ ಅಡ್ಡಿಯಿಲ್ಲ, ಎಲ್ಲ ತಿಳಿದಿರುತ್ತದೆ. ಐದಕ್ಕೆ ಎದ್ದು ಬಕೆಟ್ಟು ಇಡುವುದು, ಮಂಟಪದ ಸುತ್ತ ಯೋಬಣ್ಣನ ಜೊತೆ ಎರಡು ಸುತ್ತು, ಆಮೇಲೆ ಸ್ನಾನ. ಮಧ್ಯಾಹ್ನ ರೊಟ್ಟಿ ಝುಣಕ ಉಂಡು, ತಾಟು ತೊಳೆದು, ಅರ್ಧ ತಾಸು ಅಡ್ಡಾಗುವುದು. ನಾಲ್ಕನೆಯ ದಿನಕ್ಕಂತೂ ಮನೆ ಮಠ ಮರೆತು, ಹುಟ್ಟಿದಾಗಿನಿಂದ ಇಲ್ಲೇ ಇದ್ದೇವೆ ಅನ್ನಿಸುತ್ತದೆ. ಯಾರದೂ ಸಾವಿಲ್ಲ, ಯಾರದೂ ಜಗಳವಿಲ್ಲ, ಬಾಗಿಲು ಬಡಿಯುವವರಿಲ್ಲ. ಪಾದ್ರಿಗೆ ಇದಕ್ಕಿಂತ ಸುಖ ಬೇರೆಲ್ಲಿ? ಈ ಸುಖದ ಬಗ್ಗೆ ಹುಷಾರಾಗಿರಿ ಎಂದು ಹೇಳಲಿಕ್ಕೇ ಇಷ್ಟು ಪೀಠಿಕೆ.

ನನ್ನ ಈ ದಿನಚರಿಯನ್ನು ಕೆಡಿಸಿದವಳು ಬೀಳಗಿ ಸಭೆಯ ಹಿರಿಯಳಾಗಿ ಬಂದಿದ್ದ ರಾಹೇಲವ್ವ. ಆಗ ಎಪ್ಪತ್ತರ ಆಸುಪಾಸು. ಬೀಳಗಿಯ ಬಜಾರಿನಲ್ಲಿ ಕಾಯಿಪಲ್ಯ ಮಾರುತ್ತಿದ್ದಳು. ಅವಳ ಹಳೆಯ ಊರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿ, ಇದ್ದಬದ್ದ ಸಭೆಯವರೆಲ್ಲ ಬೀಳಗಿಯ ಪಕ್ಕದ ಪುನರ್ವಸತಿ ಕಾಲನಿಗೆ ಬಂದಿದ್ದರು. ಮುಳುಗಿದ ಚರ್ಚಿನ, ನಮ್ಮ ಬಾಯಲ್ಲಿ ಗುಡಿಯ, ಗಂಟೆಯನ್ನು ಬಿಚ್ಚಿಕೊಂಡು ಬಂದು ತಗಡಿನ ಗುಡಿಗೆ ಕಟ್ಟಿದ್ದರು. ಗಂಟೆ ಇತ್ತು, ಪಾದ್ರಿ ಇರಲಿಲ್ಲ. ಮೂರು ವರ್ಷದಿಂದ ಪಟ್ಟಿಯಲ್ಲಿ ಬೀಳಗಿಯ ಮುಂದೆ "ನೇಮಕವಾಗಬೇಕಾಗಿದೆ" ಎಂದೇ ಓದುತ್ತಿದ್ದರು. ರಾಹೇಲವ್ವನ ಗಂಡ ತೀರಿಕೊಂಡದ್ದು ಆ ಮೂರು ವರ್ಷದಲ್ಲೇ. ಮಣ್ಣಿಗೆ ಪಾದ್ರಿ ಸಿಗಲಿಲ್ಲ. ಓದಲು ಬರುತ್ತದೆಂದು ಒಬ್ಬ ಹಳೆಯ ಕಂಪೌಂಡರನ್ನು ನಿಲ್ಲಿಸಿ ಪ್ರಾರ್ಥನೆ ಓದಿಸಿದ್ದರು. ಅವನಿಗೆ ಚಷ್ಮಾ ಇರಲಿಲ್ಲ. ಅರ್ಧ ಓದಿ, ಉಳಿದದ್ದು ದೇವರಿಗೆ ಗೊತ್ತು ಎಂದು ಪುಸ್ತಕ ಮುಚ್ಚಿದ್ದನಂತೆ.

ಮೊದಲ ದಿನ ಚಹಾದ ಹೊತ್ತಿಗೆ ನನ್ನ ಮುಂದೆ ಬಂದು ನಿಂತಳು. ಕೈಯಲ್ಲಿ ಒಂದು ಬಿಳಿ ಹಾಳೆ.

"ಅಯ್ನೋರ, ನಿಮ್ಮ ಅಕ್ಷರ ಮುತ್ತಿನಂಗ ಇರತಾವಂತ. ಒಂದ ಅರ್ಜಿ ಬರದ ಕೊಡ್ರಿ."

ಮಹಾಸಭೆಯ ಅರ್ಜಿಗೆ ಅಂದಿನ ಕಾಲಕ್ಕೆ ಎರಡು ಕಾಯಿದೆ ಇದ್ದವು. ಒಬ್ಬ ಪಾದ್ರಿಯ ಕೈಬರಹದಲ್ಲಿ, ಒಂದೇ ಹಾಳೆಯಲ್ಲಿ, ಚಿತ್ತಿಲ್ಲದೆ ಇರಬೇಕು. ಮತ್ತು ಬರೆದವರೇ ಸಭೆಯ ಮುಂದೆ ನಿಂತು ಓದಬೇಕು. ಹಿಂದೆ ಯಾರೋ ಹೆಸರಿಲ್ಲದ ದೂರು ಬರೆದು ಒಬ್ಬ ಬಡಪಾಯಿ ಪಾದ್ರಿಯ ಮಾನ ಕಳೆದಿದ್ದರು. ಅಂದಿನಿಂದ ಈ ಕಟ್ಟು. ಕೈ ಯಾರದೋ ಬಾಯಿ ಅವರದೇ.

ಯಾರ ಕಣ್ಣಿಗೂ ಬೀಳಬಾರದು ಎಂದಿದ್ದವನು ನಾನು. ಬೇರೆಯವರನ್ನು ಕೇಳವ್ವ ಎಂದೆ. "ಕೇಳೇನ್ರಿ. ಬೀಳಗಿ ಅಂದಕೂಡ್ಲೆ ಎಲ್ಲಾರ್ಗೂ ಕೈ ನೋವು ಬರಾಕತ್ತಾವು" ಎಂದಳು. ಆ ಮಾತಿಗೆ ನಾನು ಸೋತೆ. ಬೀಳಗಿ ಸಭೆಗೆ ಒಬ್ಬ ಪಾದ್ರಿ ಬೇಕು ಎಂಬುದನ್ನು ನಾಲ್ಕು ಸಾಲು ಮಾಡಿ ಬರೆದುಕೊಟ್ಟೆ. ಪೀಡೆ ತೊಲಗಿತು ಅಂದುಕೊಂಡೆ.

ಎರಡನೆಯ ದಿನ ಅದೇ ಹೊತ್ತಿಗೆ, ಅದೇ ಚಹಾದ ಟೇಬಲ್ಲಿನ ಹತ್ತಿರ ಮತ್ತೆ ಬಂದಳು. "ಅಯ್ನೋರ, ಒಂದ ಮಾತ ಬಿಟ್ಟೈತಿ. ಜ್ವಾಳದ ರೊಟ್ಟಿ ತಿಂದ ಇರಾಂವ ಬೇಕು ಅಂತ ಹಾಕ್ರಿ. ಹಿಂದಕ ಬಂದಾಂವಗ ಮೂರ ಹೊತ್ತೂ ಅನ್ನಽ ಬೇಕಿತ್ತು."

ಚಿತ್ತು ಇರಬಾರದಲ್ಲ, ಇಡೀ ಅರ್ಜಿಯನ್ನು ಹೊಸ ಹಾಳೆಯಲ್ಲಿ ಬರೆದೆ.

ಮೂರನೆಯ ದಿನ: "ಮುಂಜಾನೆ ಲಗೂನ ಏಳಾಂವ ಇರಬೇಕ್ರಿ. ನಾವು ಆರಕ್ಕ ಬಜಾರಕ ಹೋಗೂ ಮಂದಿ. ನಾವು ಹೋದಮ್ಯಾಲೆ ಎದ್ದರ ನಮಗೇನ ಉಪೇಗ?" ಮತ್ತೆ ಹೊಸ ಹಾಳೆ. ನಾಲ್ಕನೆಯ ದಿನ: "ತನ್ನ ತಾಟ ತಾನ ತೊಳಕೊಳ್ಳಾಂವ ಬೇಕು. ನಮ್ಮ ಹೆಣಮಕ್ಕಳಿಗೆ ದುಡದ ದುಡದ ರಟ್ಟಿ ಬಿದ್ದಾವು." ಮತ್ತೆ ಹಾಳೆ. ಯೋಬಣ್ಣ ಚಹಾದ ಕಪ್ಪು ಹಿಡಿದು ಮಜಾ ನೋಡುತ್ತಿದ್ದ. ಐದನೆಯ ದಿನ ಅವಳು ಬರುವುದನ್ನು ಕಂಡು ನಾನು ಮಂಟಪದ ಹಿಂದೆ ಹೋಗಿ ನಿಂತೆ. ಅಲ್ಲಿಗೂ ಬಂದಳು. ಬಾಜಾಪೆಟ್ಟಿಗೆ ಇಲ್ಲದೆಯೂ ಹಾಡುವ ಗಂಟಲು ಬೇಕಂತೆ.

ನನಗೆ ತಡೆಯಲಾಗಲಿಲ್ಲ. "ರಾಹೇಲವ್ವಾ, ಇದು ಪಾದ್ರಿ ಬೇಕಂತ ಅರ್ಜಿನೋ, ವರ ಬೇಕಂತ ಅರ್ಜಿನೋ? ಒಂದೇ ಸಲ ಎಲ್ಲಾ ಹೇಳಾಕ ಏನಾಗೇತಿ ನಿನಗ?" ಎಂದು ರೇಗಿದೆ.

ಅವಳು ಒಂದು ಚೂರೂ ಬೇಸರ ಮಾಡಿಕೊಳ್ಳಲಿಲ್ಲ. "ದಿನಾ ನೋಡಿ ನೋಡಿ ನೆನಪಾಗತೈತ್ರಿ. ಚಿಕ್ಕಪಡಸಲಗ್ಯಾಗ ರೈತರು ಸರಕಾರದ ದಾರಿ ಕಾಯದ ತಾವಽ ಹೊಳಿಗೆ ಒಡ್ಡ ಕಟಗೊಂಡ್ರು. ಪಾದ್ರಿನ್ನ ಹಂಗ ಕಟಗೊಳ್ಳಾಕ ಬರೂದಿಲ್ಲಲ್ರಿ. ಬರದ ಕೇಳಽಬೇಕು" ಎಂದಳು. ಮಾರನೆಯ ದಿನ, ಅಂದರೆ ಆರನೆಯ ದಿನ, ಕೊನೆಯ ಸಾಲು ಹೇಳಿದಳು: "ಬೈದ್ರೂ ಅಡ್ಡಿಯಿಲ್ಲ, ಹೇಳಿದ ಕೆಲಸಾ ಮಾಡಾಂವ ಇರಬೇಕು."

ನಾನು ಬೈಯುತ್ತಲೇ ಬರೆದೆ.

ಏಳನೆಯ ದಿನ ಅರ್ಜಿಗಳ ಸರದಿ. ನನ್ನ ಹೆಸರು ಕರೆದರು. ಎದ್ದು ನಿಂತು ಓದತೊಡಗಿದೆ. ಜೋಳದ ರೊಟ್ಟಿಯವರೆಗೆ ಯಾರಿಗೂ ಏನೂ ಅನ್ನಿಸಲಿಲ್ಲ. ಕೋಳಿಗಿಂತ ಮೊದಲು ಏಳುವವನು ಎಂದು ಓದಿದಾಗ ಎಲ್ಲೋ ಒಬ್ಬರು ಕೆಮ್ಮಿದರು. ತನ್ನ ತಾಟು ತಾನೇ ತೊಳೆಯುವವನು ಎಂದಾಗ ಹಿಂದಿನಿಂದ ಯೋಬಣ್ಣನ ನಗೆ ಕೇಳಿಸಿತು. ಆ ಮಹಾಸಭೆಯಲ್ಲಿ ಪಾದ್ರಿಗಳು ಉಂಡ ತಾಟನ್ನು ಅಲ್ಲೇ ಬಿಟ್ಟು ಏಳುತ್ತಿದ್ದರು, ಸ್ವಯಂಸೇವಕಿಯರು ತೊಳೆಯುತ್ತಿದ್ದರು. ಸುಶೀಲಾಳ ಶಿಸ್ತಿನಲ್ಲಿ ಬೆಳೆದ ಗಂಡ ನಾನೊಬ್ಬನೇ ನಳದ ಹತ್ತಿರ ಹೋಗಿ ತೊಳೆದುಕೊಳ್ಳುತ್ತಿದ್ದದ್ದು. ಅದು ನನಗೂ ಗೊತ್ತಿತ್ತು, ಇಡೀ ಮಂಟಪಕ್ಕೂ ಗೊತ್ತಿತ್ತು. ಬಾಜಾಪೆಟ್ಟಿಗೆ ಇಲ್ಲದೆ ಹಾಡುವವನು ಎಂಬಲ್ಲಿಗೆ ಬಂದಾಗ ನನ್ನ ದನಿ ಸಣ್ಣದಾಯಿತು. ದಿನಾ ಬೆಳಿಗ್ಗೆ ನಳದ ಕೆಳಗೆ ಕೀರ್ತನೆ ಹಾಡುತ್ತಿದ್ದವನೂ ನಾನೇ. ಬೈದರೂ ಕೆಲಸ ಮಾಡುವವನು ಎಂಬ ಕೊನೆಯ ಸಾಲನ್ನು ಓದುವ ಹೊತ್ತಿಗೆ ನೂರಾರು ಜನ ನಗುತ್ತಿದ್ದರು. ಬಿಷಪ್ಪರು ಚಷ್ಮಾ ತೆಗೆದು ಕಣ್ಣು ಒರೆಸಿಕೊಂಡರು. ಹೆಂಗಸರ ಸಾಲಿನಲ್ಲಿ ರಾಹೇಲವ್ವ ಒಬ್ಬಳೇ ನಗದೆ, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಕೂತಿದ್ದಳು.

ಐದು ದಿನ ಮುದುಕಿ ನನ್ನನ್ನು ನೋಡಿ ನೋಡಿ ಹೇಳಿದ್ದಳು. ನಾನು ನನ್ನ ಚಿತ್ರವನ್ನೇ ಐದು ಸಲ ತಿದ್ದಿ ಬರೆದಿದ್ದೆ. ಅಕ್ಷರ ದುಂಡಗೆ ಬಂದಿವೆಯೇ ಎಂದು ನೋಡಿದೆನೇ ಹೊರತು ಬರೆದದ್ದು ಯಾರನ್ನು ಎಂದು ನೋಡಲಿಲ್ಲ.

ಎಂಟನೆಯ ದಿನ ಪಟ್ಟಿ ಓದಿದರು. "ಬೀಳಗಿ" ಎಂದರು ಬಿಷಪ್ಪರು. ಮುಂದೆ ಬಂದದ್ದು ನನ್ನ ಹೆಸರು. "ಲೇ ಸಮುವೇಲಪ್ಪ, ನಿನ್ನ ಬದಲಿ ಆದೇಶಾ ನೀನಽ ಬರಕೊಂಡ್ಯಲ್ಲೋ" ಎಂದು ಯೋಬಣ್ಣ ಬೆನ್ನಿಗೆ ಗುದ್ದಿದ. ನನಗೆ ಅಳು ಬರುವಷ್ಟು ಸಿಟ್ಟು. ಮನೆಗೆ ಬಂದು ಸುಶೀಲಾಗೆ ಹೇಳಿದರೆ ಅವಳು ಕೂಗಾಡಲಿಲ್ಲ. "ತಾಟ ತೊಳಿಯೂದು ಕಲಿಸಿದ್ದು ನನ್ನ ತಪ್ಪ" ಎಂದಳು. ಅವಳು ಬನಹಟ್ಟಿಯಲ್ಲೇ ಉಳಿದಳು. ನಾನು ಬಕೆಟ್ಟು ಹಿಡಿದು ಬೀಳಗಿಗೆ ಹೋದೆ. ಶನಿವಾರಕ್ಕೊಮ್ಮೆ ಅವಳು ಬಸ್ಸಿನಲ್ಲಿ ಬರುವಳು, ಸೋಮವಾರ ನಸುಕಿನಲ್ಲಿ ಹೋಗುವಳು. ಹಾಗೆ ಏಳು ವರ್ಷ.

ಬೀಳಗಿಯ ಏಳು ವರ್ಷವನ್ನು ಪೂರ್ತಿ ಬರೆದರೆ ಓದುವವರಿಗೆ ರಕ್ತದೊತ್ತಡ ಬರುತ್ತದೆ. ಬೆಳಿಗ್ಗೆ ಆರಕ್ಕೆ ಮುಂಚೆ ರಾಹೇಲವ್ವ ಕಾಯಿಪಲ್ಯದ ಬುಟ್ಟಿ ಹೊತ್ತು ನನ್ನ ಬಾಗಿಲ ಮುಂದೆ ಹಾಯುವಳು. ಬಾಗಿಲು ತೆರೆದಿರದಿದ್ದರೆ ಬಡಿಯುವಳು. ಎದ್ದಿದ್ದೇನೋ ಇಲ್ಲವೋ ನೋಡಬೇಕಲ್ಲ, ಅರ್ಜಿಯಲ್ಲಿ ಇದೆಯಲ್ಲ! ಉಪದೇಶ ಉದ್ದವಾದರೆ ಮುಂದಿನ ಸಾಲಿನಲ್ಲಿ ಕೂತು ಆಕಳಿಸುವಳು. ಒಮ್ಮೆ ಮದುವೆ ಮಾಡಿಸುವಾಗ ನಾನು ತಂಗಿಯ ಮದುವೆಯಲ್ಲಿ ಅಕ್ಕನ ಹೆಸರು ಓದಿಬಿಟ್ಟೆ. ಇಡೀ ಗುಡಿ ಗಪ್ಪಾದಾಗ, "ಆಕಿದು ಹ್ವಾದ ವರ್ಷಽ ಆಗೇತ್ರಿ ಅಯ್ನೋರ" ಎಂದು ಕೂತಲ್ಲಿಂದಲೇ ಕೂಗಿದಳು. ವಾರಕ್ಕೊಮ್ಮೆ ಒಂದು ಮಾತು ಮಾತ್ರ ತಪ್ಪದೆ ಹೇಳುವಳು: "ನನ್ನ ಮಣ್ಣಿಗೆ ನೀವಽ ಬೇಕ ನೋಡ್ರಿ. ನಮ್ಮ ಯಜಮಾನ್ರಿಗೆ ಆದಂಗ ಅರ್ಧಕ್ಕ ಬಿಡಬ್ಯಾಡ್ರಿ."

ಕೇಳಿ ಕೇಳಿ ಸಾಕಾಗಿ ಒಂದು ದಿನ, "ಆತವ್ವಾ, ನಾನಽ ಪೂರಾ ಓದತೇನಿ. ಈಗ ಬಜಾರಕ ನಡಿ, ಸೊಪ್ಪು ಬಾಡತೈತಿ" ಎಂದೆ. ಅವಳನ್ನು ಸಾಗಹಾಕಲು ಆಡಿದ ಮಾತು. ಅವಳು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು.

ಏಳನೆಯ ವರ್ಷದ ಮಹಾಸಭೆ ಮುಧೋಳದಲ್ಲಿ ಆಯಿತು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಮಂಟಪದ ಬದಲು ಕಲ್ಯಾಣ ಮಂಟಪ, ಟ್ಯಾಂಕಿನ ಬದಲು ಗೀಸರು. ಊಟಕ್ಕೆ ಕೂಪನ್ನು, ದಿನದ ಕಾರ್ಯಕ್ರಮ ಮೊಬೈಲಿನಲ್ಲಿ ಬರುತ್ತಿತ್ತು. ತಾಟು ಒಯ್ಯುವ ಪದ್ಧತಿಯೂ ಹೋಗಿ, ಉಂಡು ಬಿಸಾಡುವ ತಟ್ಟೆ ಬಂದಿದ್ದವು. ಆದರೂ ನಾನು ನನ್ನ ಬಕೆಟ್ಟು, ಸ್ಟೀಲಿನ ತಾಟು ಒಯ್ದಿದ್ದೆ, ಈಗಲೂ ಒಯ್ಯಿರಿ ಎಂದೇ ಹೇಳುತ್ತೇನೆ. ಅರ್ಜಿಗಳು ಟೈಪಾಗಿ ಬರುತ್ತಿದ್ದವು, ಓದುವ ಕಾಯಿದೆ ತೆಗೆದುಹಾಕಿದ್ದರು. ಸಮಯ ಉಳಿಯುತ್ತದೆ ಎಂದು ಎಲ್ಲರೂ ಮೆಚ್ಚಿದರು. ನಾನೂ ಮೆಚ್ಚಿದೆ. ಯಾಕೆಂದರೆ ಆ ವರ್ಷ ನಾನೂ ಒಂದು ಅರ್ಜಿ ಕೊಟ್ಟಿದ್ದೆ. ನಿವೃತ್ತಿಗೆ ಎರಡು ವರ್ಷವಿದೆ, ಹೆಂಡತಿ ಬನಹಟ್ಟಿಯಲ್ಲಿದ್ದಾಳೆ, ನನ್ನನ್ನು ಅಲ್ಲಿಗೆ ಹಾಕಿರಿ ಎಂದು. ಹಳೆಯ ಕಾಯಿದೆ ಇದ್ದಿದ್ದರೆ ಬೀಳಗಿಯಿಂದ ಬಂದ ಹಿರಿಯರ ಮುಂದೆ ನಿಂತು ಅದನ್ನು ನನ್ನ ಬಾಯಿಂದ ಓದಬೇಕಾಗುತ್ತಿತ್ತು. ಈಗ ಕವರಿನಲ್ಲಿ ಹಾಕಿ ಮೇಲ್ವಿಚಾರಕರ ಕೈಗೆ ಕೊಟ್ಟರೆ ಮುಗಿಯಿತು. "ಈ ಸಲ ಆಗತೈತಿ" ಎಂದು ಅವರು ಹೇಳಿಯೂ ಇದ್ದರು.

ತಪ್ಪು ಎನ್ನಬೇಡಿ. ಏಳು ವರ್ಷ ಒಬ್ಬನೇ ಅಡುಗೆ ಮಾಡಿಕೊಂಡು ಉಂಡವನು ನಾನು. ಆದರೆ ರಾಹೇಲವ್ವನಿಗೆ ಹೇಳಿರಲಿಲ್ಲ.

ಮಹಾಸಭೆಗೆ ಬರುವಷ್ಟು ಶಕ್ತಿ ಅವಳಿಗೆ ಉಳಿದಿರಲಿಲ್ಲ. ಆದರೆ ದಿನಾ ಹನ್ನೊಂದಕ್ಕೆ, ಸರಿಯಾಗಿ ಚಹಾದ ಹೊತ್ತಿಗೆ, ಪಕ್ಕದ ಮನೆಯವರ ಫೋನಿನಿಂದ ನನಗೆ ಫೋನು ಹಚ್ಚಿಸುತ್ತಿದ್ದಳು. ಜಮಖಂಡಿಯಲ್ಲಿ ಹಾಳೆ ಹಿಡಿದು ಬರುತ್ತಿದ್ದ ಹೊತ್ತು ಅದು. ಅವಳ ಗಡಿಯಾರ ಕೆಡುವುದಿಲ್ಲ.

"ಅಯ್ನೋರ, ನಿಮ್ಮನ್ನ ಎಬ್ಬಸ್ತಾರೇನ್ರಿ ಈ ಸಲ?"

"ಪಟ್ಟಿ ಓದೂತನಕಾ ಯಾರಿಗೂ ಗೊತ್ತಾಗೂದಿಲ್ಲವ್ವ."

"ಹಂಗಾದ್ರ ನಾಳೆ ಮಾಡತೇನಿ."

ಮೊದಲ ದಿನ ನಕ್ಕೆ. ಎರಡನೆಯ ದಿನ ಸಾವರಿಸಿಕೊಂಡೆ. ಆರು ದಿನ ಅದೇ ಪ್ರಶ್ನೆ, ಅದೇ ಉತ್ತರ. ನನ್ನ ಉತ್ತರ ಸುಳ್ಳಲ್ಲ, ಆದರೆ ಖರೆಯೂ ಅಲ್ಲ. ದಿನಾ ಅರ್ಧ ಸುಳ್ಳು ಹೇಳುವುದು ಸುಮ್ಮನಲ್ಲ. ಚಹಾ ಕಹಿಯಾಗತೊಡಗಿತು. ಏಳನೆಯ ದಿನ ಫೋನು ಬಡಿದುಕೊಂಡಾಗ ಜೇಬಿನಿಂದ ತೆಗೆಯಲೇ ಇಲ್ಲ. ಯೋಬಣ್ಣ, "ಯಾರದೋ?" ಎಂದ. "ಮುದುಕಿದು. ಕಿರಿಕಿರಿ" ಎಂದೆ.

ಎಂಟನೆಯ ದಿನ ಬೆಳಿಗ್ಗೆ ಎಂಟೂವರೆಗೆ, ಪ್ರಾರ್ಥನೆ ನಡೆದಾಗ ಅದೇ ನಂಬರಿನಿಂದ ಫೋನು ಬಂತು. ಕತ್ತರಿಸಿದೆ. ಮತ್ತೆ ಬಂತು. ನಿನ್ನೆ ಎತ್ತಲಿಲ್ಲ ಎಂದು ಇವತ್ತು ಹೊತ್ತಿಲ್ಲ ಗೊತ್ತಿಲ್ಲದೆ ಹಚ್ಚಿದ್ದಾಳೆ ಎಂದು ಸಿಟ್ಟು ಬಂದು ಸದ್ದನ್ನೇ ಅಡಗಿಸಿದೆ. ವರದಿಗಳು ನಡೆದವು, ಚಹಾ ಆಯಿತು. ಮಧ್ಯಾಹ್ನ ಊಟಕ್ಕೆ ಎದ್ದಾಗ ನೋಡಿದರೆ ಹದಿನಾಲ್ಕು ಸಲ ಫೋನು ಬಂದಿತ್ತು. ಹೊರಗೆ ಬಂದು ತಿರುಗಿ ಹಚ್ಚಿದೆ. ಪಕ್ಕದ ಮನೆಯ ಸರೋಜವ್ವ ಎತ್ತಿದಳು.

"ಎಲ್ಲಿದ್ರಿ ಅಯ್ನೋರ! ನಿಮ್ಮ ಜೋಡಿ ಬಂದ ಹಿರ್ಯಾರ ಫೋನೂ ಹತ್ತಲಿಲ್ಲ. ರಾಹೇಲವ್ವಾಯಿ ನಸಕನ್ಯಾಗ ಹ್ವಾದ್ಳರಿ. ನಿನ್ನೆ ಹನ್ನೊಂದಕ್ಕ ಫೋನ್ ಹಚ್ಚಂದ್ಳು, ಹಚ್ಚಿದೆ, ನೀವು ಎತ್ತಲಿಲ್ಲ. 'ಮೀಟಿಂಗ್ನ್ಯಾಗ ಇರಬೇಕು, ಅವರಿಗೆ ಕಾಟ ಕೊಡೂದು ಬ್ಯಾಡ' ಅಂದ್ಳು. ಈಗ ಎಲ್ಲಾರೂ ಕುಂತಾರ. ನೀವ ಬರೂತನಕಾ ಎತ್ತಬ್ಯಾಡ್ರಿ ಅಂತ ಮೊದಲಽ ಹೇಳಿಟ್ಟಿದ್ಳರಿ."

ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ನಸುಕಿನಿಂದ ಅವಳು ನನಗಾಗಿ ಕಾಯುತ್ತಿದ್ದಳು, ನಾನು ಗಾಳಿ ಬರುವ ಕುರ್ಚಿಯಲ್ಲಿ ಕೂತಿದ್ದೆ. ಮೂವತ್ತು ವರ್ಷದ ಪಾದ್ರಿಕೆಯಲ್ಲಿ ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಎಂದೂ ಆಗಿರಲಿಲ್ಲ.

ಪಟ್ಟಿ ಓದುವ ಮೊದಲು ಯಾರೂ ಏಳಬಾರದೆಂಬ ಕಟ್ಟು ನಮ್ಮಲ್ಲಿ ಈಗಲೂ ಇದೆ. ಮೇಲ್ವಿಚಾರಕರಿಗೆ ಹೇಳಿದೆ. "ಒಂದು ತಾಸು ತಡಿ. ನಿನ್ನ ಹೆಸರು ಕೇಳಿ ಹೋಗು" ಎಂದರು. ನಾನು ಚೀಲ ತಗಲಿಸಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಬಕೆಟ್ಟು ಅಲ್ಲೇ ಬಿಟ್ಟೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಕಂಡಕ್ಟರು ಟಿಕೆಟ್ಟು ಕೇಳಿದ್ದೂ ತಿಳಿಯದೆ ಅತ್ತೆ. ಅವನು ಬೀಳಗಿಗೆ ಎಂದು ತಾನೇ ತಿಳಿದು ಹರಿದುಕೊಟ್ಟ. ಚೀಲದ ಮೇಲಿದ್ದ ಊರಿನ ಅಂಗಡಿಯ ಹೆಸರು ನೋಡಿರಬೇಕು.

ಕಾಲನಿಯಲ್ಲಿ ಗಂಡಸರು ಬೇವಿನ ನೆರಳಿಗೆ, ಹೆಂಗಸರು ತಗಡಿನ ಗುಡಿಯ ಜಗಲಿಗೆ ಕೂತಿದ್ದರು. ಒಬ್ಬರೂ ತಡವಾಯಿತೆಂದು ಆಡಲಿಲ್ಲ. ಯಾರಾದರೂ ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬಿಳಿ ಸೀರೆಯಲ್ಲಿ, ತಲೆಯ ಮೇಲೆ ಸೆರಗಿನೊಂದಿಗೆ, ಜಮಖಂಡಿಯ ಮಂಟಪದಲ್ಲಿ ಕೂತಿದ್ದಳಲ್ಲ, ಆ ಮುಖದಲ್ಲೇ ಮಲಗಿದ್ದಳು. ಹಳೆಯ ಊರಿನ ಗಂಟೆ ಬಾರಿಸಿದರು. ಬಾಜಾಪೆಟ್ಟಿಗೆ ಇಲ್ಲದೆ ಹಾಡಿದೆ. ಗಂಡನ ಪಕ್ಕದಲ್ಲೇ ತೋಡಿದ್ದ ಕುಣಿಯ ಮುಂದೆ ನಿಂತು ಪ್ರಾರ್ಥನೆಯನ್ನು ಮೊದಲಿನಿಂದ ಕೊನೆಯವರೆಗೆ, ಒಂದಕ್ಷರ ಬಿಡದೆ ಓದಿದೆ. ಮುಗಿದ ಮೇಲೆ ಪಕ್ಕಕ್ಕೆ ತಿರುಗಿ, ಅವಳ ಗಂಡನ ಮಣ್ಣಿನ ಮೇಲೂ ಇನ್ನೊಮ್ಮೆ ಪೂರ್ತಿ ಓದಿದೆ. ಹಾಗೆ ಓದುವ ಪದ್ಧತಿ ಇಲ್ಲ. 

ಕೈಕಾಲು ತೊಳೆದು ಸರೋಜವ್ವನ ಕಟ್ಟೆಗೆ ಕೂತಾಗ ಯೋಬಣ್ಣನ ಫೋನು ಬಂತು. ಈ ಸಲ ಮೊದಲ ಸದ್ದಿಗೇ ಎತ್ತಿದೆ.

"ಲೇ ಸಮುವೇಲಪ್ಪ, ಪಟ್ಟಿ ಓದಿದ್ರು. ಬನಹಟ್ಟಿ ನಿಂದಽ ಆತು."

"ಬೀಳಗಿ?"

"ನೇಮಕವಾಗಬೇಕಾಗಿದೆ, ಅಂತ ಓದಿದ್ರಪ."

ಸರೋಜವ್ವ ನನ್ನ ಚೀಲದಿಂದ ತಾಟು ತೆಗೆದು ಎರಡು ರೊಟ್ಟಿ, ಪಲ್ಯ ಬಡಿಸಿಕೊಟ್ಟಳು. ಫೋನಿನ ಮಾತನ್ನು ಅವಳು ಕೇಳಿಸಿಕೊಂಡಿದ್ದಳು. ಉಂಡೆ. ತಾಟು ಹಿಡಿದು ನಳದ ಹತ್ತಿರ ಹೋಗಿ, ಬೂದಿ ಹಚ್ಚಿ ತಿಕ್ಕಿ ತೊಳೆದೆ. ತೊಳೆದು ತಿರುಗಿ ನೋಡಿದೆ. ನೋಡುವವರು ಯಾರೂ ಇರಲಿಲ್ಲ.